ಏಳು ಜೇಬಿನ ತೋರಣ

ಚಿಂತಾಮಣಿ
4 ಮೇ 2025

ಅಖಿಲ ಕೈವಾರ ಮಂಚಾರೂಢ ಮಹಾಸಭೆಯ ಸಂಸ್ಥಾಪಕ ಅಧ್ಯಕ್ಷರೂ ಏಕಮಾತ್ರ ಸದಸ್ಯರೂ ಆದ ನನ್ನ ಅಕ್ಕ ಲಕ್ಷ್ಮಿದೇವಮ್ಮನವರೇ, ಸಭೆಗೆ ಕಾಫಿ ಸರಬರಾಜು ಮಾಡುತ್ತಿರುವ ಸೊಸೆ ಶೋಭಾರಾಣಿಯವರೇ, ಕಿಟಕಿಯಾಚೆ ಮೆಲುಕು ಹಾಕುತ್ತಾ ಭಾಷಣ ಕೇಳುತ್ತಿರುವ ಎರಡು ಸೀಮೆಹಸುಗಳೇ, ಹಾಗೂ ಕಣ್ಣಿಗೆ ಕಾಣದಿದ್ದರೂ ಕಿಕ್ಕಿರಿದು ನೆರೆದಿದ್ದೀರೆಂದು ನಾನು ನಂಬಿರುವ ಮಹಾಜನಗಳೇ,

ಚಪ್ಪಾಳೆ ಸಾಕು. ಎಲ್ಲರೂ ಕುಳಿತುಕೊಳ್ಳಿ. ಅಧ್ಯಕ್ಷರು ಮಾತ್ರ ದಯವಿಟ್ಟು ಎದ್ದು ನಿಲ್ಲಬೇಕು.

ನಿಲ್ಲುವುದಿಲ್ಲ, ಗೊತ್ತು. ಅದಕ್ಕೇ ಈ ಪಾರ್ಸಲ್ಲು. ಯುಗಾದಿಗೆ ಮೊದಲು ನೀನು ಕೊಟ್ಟಿಗೆಯಲ್ಲಿ ಜಾರಿ ಬಿದ್ದೆ. ಸೊಂಟದ ಮೂಳೆಗೆ ರಾಡು ಹಾಕಿದರು. ವಾಕರ್ ಹಿಡಿದು ದಿನಾ ನಡೆಯಲೇಬೇಕು, ಮಳೆಗಾಲ ಮುಗಿಯುವುದರೊಳಗೆ ನಡೆಯದಿದ್ದರೆ ಆಮೇಲೆ ಮಂಚವೇ ಗತಿ ಎಂದು ಡಾಕ್ಟರು ಹೇಳಿದರು. ನೀನು ಮಂಚವನ್ನೇ ಆರಿಸಿಕೊಂಡಂತಿದೆ. ಫೋನ್ ಮಾಡಿದರೆ ‘ಹೂಂ, ನಡೆದೆ’ ಅನ್ನುತ್ತೀಯ. ಹಿಂದಿನಿಂದ ಶೋಭಾ ‘ಎಲ್ಲಿ ನಡೆದ್ರಿ ಅತ್ತೆ?’ ಅನ್ನುವುದು ನನಗೆ ಕೇಳಿಸುತ್ತದೆ. ಫೋನಿನಲ್ಲಿ ನಿನ್ನನ್ನು ಗೆದ್ದವರಿಲ್ಲ. ಆದ್ದರಿಂದ ಇನ್ನು ಮುಂದೆ ಕಾಗದ. ಚಿಂತಾಮಣಿಯಿಂದ ಕೈವಾರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ, ಅಂಚೆಯಲ್ಲಿ ಮೂರು ದಿನ. ಅಷ್ಟು ಕಷ್ಟಪಟ್ಟು ಬಂದ ಮಾತಿಗೆ ಸ್ವಲ್ಪ ಮರ್ಯಾದೆ ಸಿಕ್ಕೀತು.

ಪಾರ್ಸಲ್ಲಿನಲ್ಲಿ ಇರುವುದು ತೋರಣ. ಬಾಗಿಲಿಗಲ್ಲ, ಗೋಡೆಗೆ. ನನ್ನ ಅಂಗಡಿಯಲ್ಲಿ ತಪ್ಪು ಅಚ್ಚಾಗಿ ಉಳಿದ ಲಗ್ನಪತ್ರಿಕೆಗಳನ್ನು ಮಡಚಿ, ಅಂಟಿಸಿ, ಬಟ್ಟೆಯ ಮೇಲೆ ಹೊಲಿದು ವಾರಕ್ಕೆ ಏಳು ಜೇಬು ಮಾಡಿದ್ದೇನೆ. ಪ್ರತಿ ಜೇಬಿನ ಮೇಲೂ ಒಬ್ಬ ಬಂಗಾರದ ಗಣೇಶ. ಒಳಗೆ ಒಂದು ಚೀಟಿ, ಚೀಟಿಯಲ್ಲಿ ಆ ದಿನದ ಒಂದೇ ಒಂದು ಕೆಲಸ, ಜೊತೆಗೆ ಧೈರ್ಯಕ್ಕೆ ನನ್ನದೊಂದು ಪ್ರಾಸ. ಕೆಲಸ ಆದರೆ ಆ ಚೀಟಿಯನ್ನೇ ದೋಣಿ ಮಾಡಿ ಕೆಳಗಿನ ದಾರಕ್ಕೆ ಪೋಣಿಸಬೇಕು. ಆಗದಿದ್ದರೆ ಚೀಟಿ ಮಾರನೇ ದಿನದ ಜೇಬಿಗೆ ದಾಟುತ್ತದೆ. ಬೈಗುಳ ಇಲ್ಲ, ದಂಡ ಇಲ್ಲ. ನನ್ನ ಅಂಗಡಿಯಲ್ಲೂ ಇಂಥದ್ದೇ ಒಂದು ನೇತುಹಾಕಿಕೊಂಡಿದ್ದೇನೆ. ಪ್ರೂಫ್ ನೋಡುವುದು, ಊಟ ಮಾಡುವುದು ಎರಡೂ ಅದು ಹೇಳಿದ ಮೇಲೇ.

ಉದ್ಘಾಟನೆಯ ಪದ್ಯ:

ಎದ್ದರೆ ಎರಡು ಹೆಜ್ಜೆ, ಬಿದ್ದರೆ ಯಾಕೆ ಲಜ್ಜೆ?
ವಾಕರ್‌ಗೂ ಕಟ್ಟಿಸೋಣ ಬೇಕಿದ್ದರೆ ಗೆಜ್ಜೆ!

ಮದುವೆ ಸೀಸನ್ನು. ಅಂಗಡಿ ಬಿಟ್ಟು ಅಲ್ಲಾಡುವಂತಿಲ್ಲ. ಇಲ್ಲದಿದ್ದರೆ ನಾನೇ ತಂದುಕೊಡುತ್ತಿದ್ದೆ.

ಇಂತಿ, ಊರವರ ಮದುವೆಯನ್ನೆಲ್ಲ ಅಚ್ಚುಹಾಕಿ ತಾನು ಖಾಲಿ ಹಾಳೆಯಾಗಿ ಉಳಿದ ನಿನ್ನ ತಮ್ಮ,
ಮುರಳಿಮೋಹನ


ಕೈವಾರ
13 ಮೇ 2025

(ಮಾವ, ಅತ್ತೆಗೆ ಮಲಗಿಕೊಂಡು ಬರೆಯಲಾಗುವುದಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ. ಬೈಗುಳ ನನ್ನದಲ್ಲ. – ಶೋಭಾ)

ಲೇ ಮುರಳಿ,

ಕಾಗದ ಬಂತು, ತೋರಣ ಬಂತು, ನೀನು ಬರಲಿಲ್ಲ.

ನನ್ನ ಮಗರಾಯ ಕೇಶವ ಅದನ್ನ ಮಂಚದ ಎದುರು ಗೋಡೆಗೆ ಮೊಳೆ ಹೊಡೆದು ನೇತಾಕವ್ನೆ. ಏಳು ಜನ ಗಣೇಶ ಬೆಳಿಗ್ಗೆಯಿಂದ ಸಂಜೆಗಂಟ ನನ್ನೇ ನೋಡ್ತಾವ್ರೆ. ಮಗ್ಗುಲು ಬದಲಾಯ್ಸಕ್ಕೂ ನಾಚಿಕೆ ಆಗ್ತದೆ. ಇನ್ನು ನಿನ್ನ ಪ್ರಾಸಾನೋ, ನನಗಂತೂ ತ್ರಾಸ. ವಾಕರ್‌ಗೆ ಗೆಜ್ಜೆ ಕಟ್ಟಿಸ್ತಾನಂತೆ! ನಾನೇನು ಕೋಲೆ ಬಸವನೇನೋ?

ಸೋಮವಾರದ ಚೀಟೀಲಿ ‘ಕಾಲು ಇಳಿಬಿಡುವುದು’ ಅಂತ ಬರೆದಿದ್ದೆ. ಇಳಿಬಿಟ್ಟೆ. ನೆಲ ತಣ್ಣಗಿತ್ತು. ತಿರುಗಾ ಮೇಲಕ್ಕೆ ಎಳ್ಕೊಂಡೆ. ಇದಕ್ಕೆ ದೋಣಿ ಮಾಡ್ಬೇಕೋ ಬೇಡ್ವೋ ಅಂತ ನನಗೂ ಶೋಭಾಗೂ ಜಗಳ. ಕೊನೆಗೆ ಅರ್ಧ ದೋಣಿ ಮಾಡಿ ಇಟ್ಟವ್ಳೆ.

ಆಸ್ಪತ್ರೇಲೂ ನೀನು ಹಿಂಗೇ ಮಾಡ್ದೆ. ಆಪರೇಷನ್ ಮುಗಿಯೋಗಂಟ ಹೊರಗಡೆ ಬೆಂಚಿನ ಮೇಲೆ ಕೂತಿದ್ದೋನು, ನನ್ನ ವಾರ್ಡಿಗೆ ತರೋ ಹೊತ್ಗೆ ಅಂಗಡಿ ಅಂತ ಎದ್ದು ಹೋದೆಯಂತೆ. ಕೇಶವ ಹೇಳ್ದ. ಹೋಗ್ಲಿ ಬಿಡು. ಒಂದ್ಸಲ ಬಂದು ಹೋಗು. ಹುರುಳಿ ಸಾರು ಮಾಡಿಸ್ತೀನಿ. ನಮ್ಮ ಗೇಟಿನ ಎದುರಿಗೇ ಬಸ್ಸು ನಿಲ್ಲೋದು. ನಿನ್ನ ಕಾಲೇನು ಮುರಿದಿಲ್ಲವಲ್ಲ.

ಇಂತಿ ನಿನ್ನ ಅಕ್ಕ

(ಮಾವ, ಶನಿವಾರದ ಜೇಬನ್ನು ನಾನು ಕದ್ದಿದ್ದೇನೆ. ಅದರಲ್ಲಿ ನನ್ನ ಚೀಟಿ ಇದೆ: ‘ಇವತ್ತು ಯಾರ ಮೇಲೂ ರೇಗದಿರುವುದು’. ಇನ್ನೂ ದೋಣಿ ಆಗಿಲ್ಲ. – ಶೋಭಾ)


ಚಿಂತಾಮಣಿ
20 ಮೇ 2025

ಅರ್ಧ ದೋಣಿಯ ಒಡತಿಗೆ,

ಸಭೆಯು ಅರ್ಧ ದೋಣಿಯನ್ನು ಪೂರ್ತಿ ದೋಣಿಯೆಂದೇ ಪರಿಗಣಿಸಬೇಕೆಂದು ತೀರ್ಮಾನಿಸಿದೆ. ಶೋಭಾಗೆ ಹೇಳು, ಶನಿವಾರದ ಜೇಬು ಅವಳಿಗೇ ಇರಲಿ. ರೇಗದಿರುವ ಕೆಲಸಕ್ಕೆ ಏಳೂ ಜೇಬು ಸಾಲದು, ನಿನ್ನ ಜೊತೆ ಬದುಕುವವರಿಗೆ.

ಪ್ರಾಸ ನಿಲ್ಲಿಸುವುದಿಲ್ಲ. ಬಿ.ಎ. ಕನ್ನಡ ಮೀಡಿಯಂನಲ್ಲಿ ಓದಿದವನಿಗೆ ಸರ್ಕಾರ ಕೊಟ್ಟ ಆಸ್ತಿ ಇದೊಂದೇ. ಈ ವಾರದ್ದು ಕೇಳು:

ಮಂಚಕ್ಕೇನು ಗೊತ್ತು ಬಿಸಿಲಿನ ರುಚಿ?
ಹೊಸ್ತಿಲ ತನಕ ಬಾ, ಹಾಕಿಸುತ್ತೇನೆ ಕುರ್ಚಿ.

ನನಗೂ ಈಚೆಗೆ ಒಂದು ಕಡೆ ಕೂರಲಾಗುತ್ತಿಲ್ಲ. ಪತ್ರಿಕೆ ಮಡಚಲು ಕುಳಿತರೆ ಕತ್ತರಿ ಬೇಕೆನ್ನಿಸುತ್ತದೆ, ಕತ್ತರಿ ಹಿಡಿದರೆ ಅಂಟು. ಗಿರಾಕಿ ‘ಮುಹೂರ್ತ ಎಷ್ಟಕ್ಕೆ ಅಂತ ಹಾಕಿದ್ದೀರಿ?’ ಅಂದರೆ ಅವನ ಮುಖ ನೋಡುತ್ತಾ ನಿಲ್ಲುತ್ತೇನೆ. ಮಧ್ಯಾಹ್ನ ಆದರೆ ಕಾಲು ಬಸ್‌ಸ್ಟ್ಯಾಂಡಿನ ಕಡೆ ಹೋಗುತ್ತದೆ. ಪಕ್ಕದಲ್ಲಿ ಪೇಪರ್ ಕಟಿಂಗ್ ಮಿಷನ್ ಇಟ್ಟುಕೊಂಡಿರುವ ಷರೀಫ್ ನಿನ್ನೆ ಕೇಳಿದ:

‘ಅಣ್ಣ, ದಿನಾ ಬಸ್‌ಸ್ಟ್ಯಾಂಡಿಗ್ ಹೋಗ್ತೀರಲ್ಲ, ಯಾರ್ ಬರ್ತಾರೆ?’

‘ಯಾರೂ ಇಲ್ಲ. ಟೀ ಕುಡಿಯಕ್ಕೆ.’

‘ಟೀ ನಮ್ ಎದುರಿಗೇ ಸಿಗ್ತದಲ್ಲ ಅಣ್ಣ.’

‘ಅಲ್ಲಿ ಶುಂಠಿ ಜಾಸ್ತಿ ಹಾಕ್ತಾನೆ ಕಣೋ.’

ಷರೀಫ್ ನನ್ನ ತೋರಣದ ಮುಂದೆ ನಿಂತು ಒಂದು ಚೀಟಿಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಉಳಿದವೆಲ್ಲ ದೋಣಿಗಳಾಗುತ್ತವೆ. ಅದೊಂದು ಮಾತ್ರ ಜೇಬಿನಿಂದ ಜೇಬಿಗೆ ದಾಟಿ ದಾಟಿ ಅಂಚು ಸವೆದಿದೆ. ಅದರ ಮೇಲೆ ‘ಕೈವಾರ’ ಎಂದಷ್ಟೇ ಬರೆದಿದೆ.

ಸೀಸನ್ನು ಕಳೆಯಲಿ.

ನಿನ್ನ ತಮ್ಮ,
ಮುರಳಿ


ಕೈವಾರ
7 ಜೂನ್ 2025

(ಮಾವ, ಇದನ್ನು ಬರೆಯುವಾಗ ನಾವಿಬ್ಬರೂ ನಕ್ಕಿದ್ದರಿಂದ ಅಕ್ಷರ ಅಡ್ಡಾದಿಡ್ಡಿ ಬಂದಿದೆ. – ಶೋಭಾ)

ಲೇ ಮುರಳಿ,

ನಿನ್ನ ಚೀಟಿಯಿಂದ ಒಂದು ಅನಾಹುತ ಆಗೋಯ್ತು ಕಣೋ.

ಪಕ್ಕದ ಮನೆ ವೆಂಕಟರವಣಪ್ಪ ದಿನಾ ಬೆಳಿಗ್ಗೆ ನನ್ನ ಮಾತಾಡ್ಸಕ್ಕೆ ಬರ್ತಾರೆ, ಗೊತ್ತಲ್ಲ. ಹೋದ ಶನಿವಾರ ಬಂದಾಗ ನಾನು ನಿನ್ನ ಮೇಲಿನ ಕೋಪಕ್ಕೆ ಒಂದು ಚೀಟಿ ಕಿತ್ತು ಅವರ ಕೈಗೆ ಕೊಟ್ಟೆ. ‘ನನ್ನ ಕೈಲಿ ಹೋಗಕ್ಕಾಗಲ್ಲ, ನೀವೇ ಹೋಗಿ ಬನ್ನಿ’ ಅಂದೆ. ಹೊಸ್ತಿಲಗಂಟ ಹೋಗೋ ಚೀಟಿ ಅದು. ತಮಾಷೆಗೆ ಅಂದಿದ್ದು. ಅವರು ಚೀಟೀನ ತಿರುಗಿಸಿ ನೋಡವ್ರೆ. ಹಿಂದ್ಗಡೆ ನಿನ್ನ ಹಳೇ ಪತ್ರಿಕೆ! ಹೆಣ್ಣು ಗಂಡಿನ ಹೆಸರು ಕತ್ತರಿಗೆ ಹೋಗೈತೆ, ವರ್ಷಾನೂ ಹೋಗೈತೆ, ‘ಜೂನ್ 1, ಶಿಡ್ಲಘಟ್ಟ’ ಅಂತ ಛತ್ರದ ಹೆಸರು ಮಾತ್ರ ನೆಟ್ಟಗೆ ಉಳಿದೈತೆ. ಇವರು ಏನ್ ತಿಳ್ಕೊಂಡ್ರು? ಲಕ್ಷ್ಮಿದೇವಮ್ಮನಿಗೆ ಏಳಕ್ಕಾಗಲ್ಲ, ಮನೆ ಕಡೆಯಿಂದ ಒಬ್ಬರಾದ್ರೂ ಮದುವೇಲಿ ತಲೆ ತೋರಿಸ್ಬೇಕಲ್ಲ, ಅದಕ್ಕೆ ನನಗೆ ಹೇಳ್ತಾವ್ರೆ ಅಂತ!

ಭಾನುವಾರ ಬಿಳೀ ಪಂಚೆ ಉಟ್ಕೊಂಡು ಬಸ್ ಹತ್ತವ್ರೆ. ಛತ್ರದಲ್ಲಿ ಯಾರದೋ ಮದುವೆ ನಡೀತಾನೇ ಇತ್ತಂತೆ. ಸೀದಾ ಹೋಗಿ ಹೆಣ್ಣಿನ ತಂದೆ ಕೈ ಹಿಡ್ಕೊಂಡು ‘ಕೈವಾರದ ಲಕ್ಷ್ಮಿದೇವಮ್ಮನವರ ಕಡೆಯೋನು’ ಅಂದ್ರಂತೆ. ಅವನು ಒಂದು ಗಳಿಗೆ ಪಿಳಿಪಿಳಿ ಅಂತ ನೋಡಿ, ‘ಓಹೋಹೋ! ಬರ್ರಿ ಬರ್ರಿ. ಅಮ್ಮನವರು ಯಾಕ್ ಬರಲಿಲ್ಲ?’ ಅಂದನಂತೆ!

‘ಸೊಂಟ ಮುರ್ಕೊಂಡವ್ರೆ.’

‘ಅಯ್ಯೋ ಪಾಪ! ಎಷ್ಟು ಓಡಾಡ್ಕೊಂಡಿದ್ದೋರು!’

ನನ್ನ ಕಂಡೇ ಇಲ್ಲ ಕಣೋ ಅವನು! ಆದ್ರೂ ಊಟ ಹಾಕ್ಸಿ, ನನಗೆ ಅಂತ ಬೇರೆ ತೆಂಗಿನಕಾಯಿ ತಾಂಬೂಲ ಕಟ್ಟಿಕೊಟ್ಟು, ‘ಬೇಗ ಗುಣ ಆಗಲಿ ಅಂತ ಹೇಳಿ’ ಅಂದು ಕಳಿಸವ್ನೆ. ವೆಂಕಟರವಣಪ್ಪ ಅದನ್ನ ತಂದು ನನ್ನ ಮಡಿಲಿಗೆ ಹಾಕಿ, ‘ಊಟ ಚೆನ್ನಾಗಿತ್ತಮ್ಮ, ಪಾಯಸ ಮಾತ್ರ ಸ್ವಲ್ಪ ನೀರು’ ಅಂದ್ರು.

ನಾನು ನಗಕ್ಕೆ ಶುರು ಮಾಡ್ದೋಳು ನಿಲ್ಲಿಸಕ್ಕೆ ಆಗಲಿಲ್ಲ. ಶೋಭಾ ನಗ್ತಾ ಗೋಡೆಗೆ ಒರಗಿದ್ಲು. ಆಮೇಲೆ ‘ಅತ್ತೆ, ನೋಡ್ಕೊಳ್ಳಿ’ ಅಂದ್ಲು. ನೋಡ್ಕೊಂಡ್ರೆ ನಾನು ನಿಂತಿದ್ದೀನಿ. ವಾಕರ್ ಹಿಡಿದು, ನೆಟ್ಟಗೆ. ಯಾವಾಗ ಎದ್ನೋ ನನಗೇ ಗೊತ್ತಿಲ್ಲ.

ಅದನ್ನ ನೋಡಕ್ಕೆ ನೀನಿರಬೇಕಿತ್ತು.

ಇಂತಿ ನಿನ್ನ ಅಕ್ಕ


ಚಿಂತಾಮಣಿ
1 ಜುಲೈ 2025

ನಿಂತವರೇ, ನಿಂತೇ ಇರುವವರೇ,

ನಿನ್ನ ಕಾಗದವನ್ನು ಷರೀಫನಿಗೆ ಓದಿ ಹೇಳಿದೆ. ‘ಅಣ್ಣ, ಇನ್ಮೇಲೆ ಹಿಂದ್ಗಡೇನೂ ನೋಡಿ ಕಟ್ ಮಾಡಣ’ ಅಂದ. ಬೇಡ ಅಂದೆ. ವೆಂಕಟರವಣಪ್ಪನವರ ಭಾನುವಾರಗಳನ್ನು ಹಾಳು ಮಾಡುವ ಹಕ್ಕು ನಮಗಿಲ್ಲ.

ಉತ್ತರ ತಡವಾಯಿತು. ಶೋಭಾ ಫೋನಿನಲ್ಲಿ ಎಲ್ಲ ಹೇಳುತ್ತಾಳೆ. ಹೊಸ್ತಿಲು ದಾಟಿದೆಯಂತೆ, ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಹಸುಗಳಿಗೆ ಬುದ್ಧಿ ಹೇಳುತ್ತಿದ್ದೀಯಂತೆ. ದಾರ ದೋಣಿಗಳಿಂದ ತುಂಬಿ ಎರಡನೇ ದಾರ ಕಟ್ಟಿದ್ದಾರಂತೆ. ಅಂಗಡಿಯಲ್ಲಿ ಎಲ್ಲರಿಗೂ ಹೇಳಿದೆ. ಚಪ್ಪರದ ಆರ್ಡರ್ ಕೊಡಲು ಬಂದವನಿಗೂ ಹೇಳಿದೆ. ಅವನು ಪಕ್ಕದ ಅಂಗಡಿಗೆ ಹೋಗಬೇಕಾದವನು.

ಮೂಳೆಯಲ್ಲಿ ಕೂತಿದೆ ಉಕ್ಕು, ಇನ್ಯಾಕೆ ಬಿಕ್ಕು?
ನೀ ನಡೆದರೆ ದಾರಿ ಬಿಡುತ್ತದೆ ಬೀದಿಯ ಬೆಕ್ಕು!

ನಾನೇ ಬಂದು ನೋಡಬೇಕೆಂದಿದ್ದೆ. ಆದರೆ ಏನು ಮಾಡಲಿ, ಮದುವೆ ಪತ್ರಿಕೆಗಳು ರಾಶಿ ಬಿದ್ದಿವೆ. ಒಂದರ ಹಿಂದೊಂದು ಲಗ್ನ. ಉಸಿರಾಡಲು ಬಿಡುವಿಲ್ಲ.

ನಿನ್ನ ತಮ್ಮ,
ಮುರಳಿ


ಕೈವಾರ
8 ಜುಲೈ 2025

ಒರೇಯ್ ಮುರಳಿ,

ಸರಿಪೋಯಿಂದಿ! ಸರಿಹೋಯ್ತು ಬಿಡು! ಆಷಾಢದಲ್ಲಿ ಯಾವ ಪುಣ್ಯಾತ್ಮ ಕಣೋ ಮದುವೆ ಇಟ್ಕೊಂಡಿರೋದು? ಒಂದರ ಹಿಂದೊಂದು ಲಗ್ನ ಅಂತೆ. ಶ್ರಾವಣದ್ದು ಈಗ್ಲೇ ಅಚ್ಚಾಗ್ತಾ ಐತೆ ಅಂತ ಸುಳ್ಳು ಹೇಳ್ಬೇಡ. ಆಷಾಢದಲ್ಲಿ ಪತ್ರಿಕೆಗೆ ಅರಿಶಿನ ಹಚ್ಚೋ ಮನೆ ನಮ್ಮ ಸೀಮೇಲಿ ಐತೇನೋ? ಆಷಾಢ ಅಂದ್ರೆ ಅಂಗಡೀಲಿ ನೊಣ ಹೊಡಿಯೋ ಕಾಲ ಅಂತ ವರ್ಷ ವರ್ಷ ನೀನೇ ಹೇಳ್ತಿದ್ದೆ. ಆ ಒಂದು ತಿಂಗಳು ಇಲ್ಲೇ ಬಂದು ಬಿದ್ದಿರ್ತಿದ್ದೆ. ನನ್ನ ಹತ್ರ ಸುಳ್ಳು ಹೇಳ್ಬೇಕಾದ್ರೆ ಪಂಚಾಂಗ ನೋಡ್ಕೊಂಡು ಹೇಳು.

ಶೋಭಾ ‘ಅಷ್ಟು ಖಾರವಾಗಿ ಬೇಡ ಅತ್ತೆ’ ಅಂತಾವ್ಳೆ. ಬರಿಯೇ ಅಮ್ಮಣ್ಣಿ, ನೀನು ಬರಿ.

ಅಮ್ಮ ಹೋದಾಗ ನಿನಗೆ ನಡಿಯಕ್ಕೂ ಬರ್ತಿರಲಿಲ್ಲ. ನಿನ್ನ ಎತ್ಕೊಂಡ ಸೊಂಟಾನೇ ಕಣೋ ಮುರಿದಿರೋದು. ಬಂದು ನೋಡಿದ್ರೆ ನಿನ್ನ ಗಂಟೇನು ಹೋಗ್ತದೆ? ನಾನು ಏನಾದ್ರೂ ಕೇಳಿದ್ನಾ? ಹಣ್ಣು ತಾ ಅಂದ್ನಾ?

ಆಯ್ತು, ಒಂದು ಮಾತು. ನೀನು ನಡಿ ನಡಿ ಅಂತ ಚೀಟಿ ಕಳಿಸ್ತೀಯಲ್ಲ. ನಾನು ಗೇಟಿನಗಂಟ ನಡೀತೀನಿ. ಒಬ್ಬಳೇ. ನಡೆದ್ರೆ ನೀನು ಬರ್ತೀಯೋ? ಅದನ್ನ ಹೇಳು. ಪ್ರಾಸ ಬೇಡ.

ಅಕ್ಕ


ಚಿಂತಾಮಣಿ
12 ಜುಲೈ 2025

ಅಕ್ಕ,

ಸಿಕ್ಕಿಬಿದ್ದೆ. ಆಷಾಢವನ್ನು ಮರೆತ ಲಗ್ನಪತ್ರಿಕೆಯವನು ಎಂದು ಹೊರಗೆ ಹೇಳಬೇಡ, ಗಿರಾಕಿಗಳು ಕೈಬಿಟ್ಟಾರು.

ಸಭೆಯ ಸವಾಲನ್ನು ಒಪ್ಪಿದ್ದೇನೆ. 20ನೇ ತಾರೀಕು ಭಾನುವಾರ, ಹತ್ತು ಗಂಟೆಯ ಬಸ್ಸು. ಆ ದಿನದ ಜೇಬಿಗೆ ಬೇರೆ ಚೀಟಿ ಕಳಿಸಿದ್ದೇನೆ, ದಪ್ಪ ಹಾಳೆಯಲ್ಲಿ, ಬಂಗಾರದ ಅಂಚು ಹಾಕಿ. ಒಂದೇ ಪದ: ‘ಗೇಟು’. ನೀನು ಅಲ್ಲಿ ನಿಂತಿರು. ನಾನು ಎದುರಿಗೆ ಇಳಿಯುತ್ತೇನೆ.

ಹುರುಳಿ ಸಾರಿಗೆ ಶೋಭಾಗೆ ಈಗಲೇ ಹೇಳಿಡು.

ಮುರಳಿ


ಕೈವಾರ
27 ಜುಲೈ 2025

ಮಾವನವರಿಗೆ ಶೋಭಾ ಮಾಡುವ ನಮಸ್ಕಾರಗಳು.

ಅತ್ತೆ ಏನೂ ಹೇಳಿ ಬರೆಸಿಲ್ಲ. ಇದನ್ನು ನಾನೇ ಬರೆಯುತ್ತಿದ್ದೇನೆ. ನೀವು ಫೋನ್ ಎತ್ತುತ್ತಿಲ್ಲ.

ಹೋದ ಭಾನುವಾರ ಅವರು ಬೆಳಿಗ್ಗೆಯೇ ಎದ್ದು ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಕನಕಾಂಬರ ಮುಡಿಸಿಕೊಂಡು, ಆಸ್ಪತ್ರೆಯಿಂದ ಬಂದ ಮೇಲೆ ಉಡದೇ ಇದ್ದ ನೀಲಿ ಸೀರೆ ಉಟ್ಟರು. ಗೇಟಿನ ತನಕ ಒಬ್ಬರೇ ನಡೆದರು. ನಾನು ಹಿಂದೆ ಕುರ್ಚಿ ಹಿಡಿದುಕೊಂಡು ಹೋದೆ. ‘ಕೂತ್ಕೊಂಡ್ರೆ ಅವನು ಒಪ್ಪಲ್ಲ, ನಿಂತಿರು ಅಂತ ಬರೆದವ್ನೆ’ ಅಂದರು. ಹತ್ತರ ಬಸ್ಸು ಬಂತು, ಹೋಯಿತು. ‘ತಪ್ಪಿಸ್ಕೊಂಡಿರ್ತಾನೆ, ಮುಂದಿನದ್ರಲ್ಲಿ ಬರ್ತಾನೆ’ ಅಂದರು. ಮುಂದಿನದೂ ಹೋಯಿತು. ಬಿಸಿಲಿಗೆ ಹೂವು ಬಾಡಿತು. ಕಾಲು ನಡುಗುವುದು ನನಗೆ ಸೀರೆಯ ಮೇಲೇ ಕಾಣುತ್ತಿತ್ತು. ಕೊನೆಗೆ ಇವರು ಬಂದು ಎತ್ತಿಕೊಂಡೇ ಒಳಗೆ ಕರೆದುಕೊಂಡು ಹೋಗಬೇಕಾಯಿತು.

ಅವತ್ತಿನಿಂದ ಅವರು ಗೋಡೆ ಕಡೆ ತಿರುಗಿ ಮಲಗಿದ್ದಾರೆ. ಕಾಲು ಕೆಳಗಿಟ್ಟಿಲ್ಲ. ವ್ಯಾಯಾಮ ಹೇಳಿಕೊಡಲು ಬರುವವರು ಮೊಣಕಾಲು ಬಿಗಿಯುತ್ತಿದೆ, ಹೀಗೇ ಬಿಟ್ಟರೆ ಮಾಡಿದ್ದೆಲ್ಲ ನೀರುಪಾಲು ಎಂದು ಹೇಳಿಹೋದರು. ತೋರಣ ತೆಗೆದು ಒಲೆಗೆ ಹಾಕು ಅಂದರು ಅತ್ತೆ. ನಾನು ಹಾಕಿಲ್ಲ.

ನಾನು ದೊಡ್ಡವರಿಗೆ ಹೀಗೆ ಕೇಳುವವಳಲ್ಲ. ಆದರೂ ಕೇಳುತ್ತೇನೆ. ನೀವು ಯಾಕೆ ಬರಲಿಲ್ಲ ಮಾವ? ಅವರನ್ನು ನಿಲ್ಲಿಸಿ ನೀವು ಎಲ್ಲಿಗೆ ಹೋದಿರಿ?

ಶೋಭಾರಾಣಿ


ಕೈವಾರ
3 ಆಗಸ್ಟ್ 2025

ಅಕ್ಕ,

ವೆಂಕಟರವಣಪ್ಪನವರ ಜಗಲಿಯಲ್ಲಿ ಕುಳಿತು ಅವರದೇ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಗೇಟು ಇಲ್ಲಿಂದ ಕಾಣುತ್ತದೆ. ‘ಇಲ್ಲಿಗಂಟ ಬಂದು ಕಾಗದ ಬರೀತಾ ಕೂತಿದ್ದೀಯಲ್ಲಪ್ಪ, ಎದ್ದು ಹೋಗಬಾರ್ದಾ?’ ಅಂತ ಅವರು ಆಗಲೇ ಕೇಳಿದರು. ನನ್ನ ಬಾಯಿಂದ ಈ ಮಾತು ಬರುವುದಿಲ್ಲ. ಬರೆದರೆ ಬರಬಹುದೇನೋ.

ನಾನು ಅವತ್ತು ಬಂದಿದ್ದೆ.

ಹತ್ತರ ಬಸ್ಸಿನಲ್ಲಿ, ಕಿಟಕಿ ಪಕ್ಕ. ಎಲ್ಲ ಸರಿಯಾಗಿಯೇ ಇತ್ತು. ಸೇಬು ತಂದಿದ್ದೆ. ಬಸ್ಸು ನಿಂತಿತು. ನೀನು ಗೇಟಿನ ಹತ್ತಿರ ವಾಕರ್ ಹಿಡಿದು ಬಸ್ಸಿನ ಬಾಗಿಲನ್ನೇ ನೋಡುತ್ತಿದ್ದೆ. ನನಗಿಂತ ಮುಂಚೆ ಯಾರೋ ಒಬ್ಬ ಇಳಿದ. ಅವನನ್ನೇ ನಾನೆಂದುಕೊಂಡು ನೀನು ಒಂದು ಕೈ ಎತ್ತಿದೆ. ವಾಕರ್ ಅಲುಗಿತು. ಶೋಭಾ ಹಿಂದಿನಿಂದ ಹಿಡಿದುಕೊಂಡಳು.

ನೀನು ಇಷ್ಟು ಸಣ್ಣಗಾಗಿದ್ದೀಯೆಂದು ನನಗೆ ಯಾರೂ ಹೇಳಿರಲಿಲ್ಲ. ಆ ಸೀರೆಯೊಳಗೆ ಯಾರೂ ಇಲ್ಲವೇನೋ ಅನ್ನಿಸಿತು. ಕಂಡಕ್ಟರು ‘ಕೈವಾರ, ಇಳಿಯೋರು ಇಳೀರಿ’ ಅಂತ ಎರಡು ಸಲ ಕೂಗಿದ. ನಾನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ. ಬಿಡಲಿಲ್ಲ. ಮುಂದಿನ ಊರಿಗೆ ಟಿಕೆಟ್ ಕೇಳಿದೆ. ವಾಪಸ್ಸು ಬರುವಾಗ ನಿಮ್ಮ ಮನೆ ಕಾಣದ ಕಡೆಯ ಸೀಟಿನಲ್ಲಿ ಕುಳಿತೆ. ಆಗಲೂ ನೀನು ನಿಂತಿದ್ದೆಯೋ ಇಲ್ಲವೋ, ನಾನು ನೋಡಲಿಲ್ಲ.

ಆಸ್ಪತ್ರೆಯಲ್ಲೂ ಇಷ್ಟೇ. ಅಂಗಡಿಯೂ ಇಲ್ಲ, ಸೀಸನ್ನೂ ಇಲ್ಲ. ನೀನು ಸತ್ತುಹೋಗುತ್ತೀಯ ಅಂತ ನನಗೆ ಭಯ, ಅಕ್ಕ. ನಾನು ನೋಡದೇ ಇದ್ದರೆ ಅದು ಆಗುವುದೇ ಇಲ್ಲ ಅಂದುಕೊಂಡಿದ್ದೆ.

ಇದನ್ನು ವೆಂಕಟರವಣಪ್ಪನವರ ಕೈಲಿ ಕೊಟ್ಟು ಕಳಿಸುತ್ತಿದ್ದೇನೆ. ನೀನು ಓದಿ ಮುಗಿಸುವ ಹೊತ್ತಿಗೆ ಗೇಟಿನ ಹತ್ತಿರ ಇರುತ್ತೇನೆ. ಒಳಗೆ ಬರಲು ಕಾಲು ಏಳುತ್ತಿಲ್ಲ.

ನೀನು ಏಳಬೇಡ. ನಡೆಯಬೇಡ. ಮಲಗಿದ್ದಲ್ಲಿಂದಲೇ ಒಂದು ಸಲ ಕರೆ.

ಮುರಳಿ